ಅರವತ್ತು ಕೆಜಿಯ ಆಟಗಾರ

ಹೋದ ವಾರ ಸೊಸೆ ನನ್ನ ಮಂಡಿಗೆ ಎಣ್ಣೆ ಹಚ್ಚಿದಳು. ಕೊಬ್ಬರಿ ಎಣ್ಣೆಗೆ ಕರ್ಪೂರ, ನೀಲಗಿರಿ ಎಣ್ಣೆ ಸೇರಿಸಿ ಕಾಯಿಸಿದ್ದು. ವಾಸನೆ ಮೂಗಿಗೆ ಬಡಿದದ್ದೇ ತಡ, ಎದುರಂಗಡಿಯವನು ನೆನಪಾದ. ನಮ್ಮ ಹಿಟ್ಟಿನ ಗಿರಣಿಯಲ್ಲಿ ರಾಗಿಯ ಧೂಳು, ಮೆಣಸಿನಕಾಯಿ ಘಾಟು ಎಲ್ಲ ಇರುತ್ತಿತ್ತು. ಅದನ್ನೆಲ್ಲ ದಾಟಿಕೊಂಡು ಮೊದಲು ಅವನ ನೋವಿನ ಮಂಡಿಯ ಎಣ್ಣೆ ವಾಸನೆ ಒಳಗೆ ಬರುತ್ತಿತ್ತು, ಹಿಂದೆ ಅವನು.

ಅಜ್ಜಂಪುರದಲ್ಲಿ ನಮ್ಮ ಗಿರಣಿಯ ಎದುರಿಗೆ ಅವನದು ಸೈಕಲ್ ಶಾಪು. ಶಾಪು ಹೆಸರಿಗೆ ಅಷ್ಟೆ. ಅವನು ಕಬಡ್ಡಿ ಆಟಗಾರ. ಅವನು ರೈಡಿಗೆ ಬಂದರೆ ಕಡೂರು, ತರೀಕೆರೆಯ ಹುಡುಗರು ಒಬ್ಬರ ಹಿಂದೊಬ್ಬರು ಸರಿಯುತ್ತಿದ್ದರಂತೆ. ನಾನು ನೋಡಿದ್ದು ಎರಡೇ ಸಲ. ಒಂದೇ ಉಸಿರಿನಲ್ಲಿ ಕಬಡ್ಡಿ ಕಬಡ್ಡಿ ಅನ್ನುತ್ತ ಗೆರೆ ದಾಟಿ ಹೋಗಿ, ಮೂವರನ್ನು ಮುಟ್ಟಿ, ಹಿಡಿದವರ ಕೈಯಿಂದ ಮೀನಿನ ಹಾಗೆ ಜಾರಿಕೊಂಡು ಬಂದಿದ್ದ. ಚೆನ್ನಾಗಿ ಆಡುತ್ತಿದ್ದ, ಇಲ್ಲ ಅನ್ನಬಾರದು.

ಆದರೆ ಆಟ ಬಿಡುವುದು ಅವನಿಗೆ ಬರುತ್ತಿರಲಿಲ್ಲ. ಮೂವತ್ತೈದಕ್ಕೆ ಒಮ್ಮೆ ನಿವೃತ್ತಿ ಅಂದ. ಹುಡುಗರು ಕುರ್ಚಿ ಮೇಲೆ ಕೂರಿಸಿ, ಹಾರ ಹಾಕಿ, ಶಾಲು ಹೊದಿಸಿದರು. ಮರುವರ್ಷವೇ ಮತ್ತೆ ಚಡ್ಡಿ ಹಾಕಿಕೊಂಡು ಮೈದಾನದಲ್ಲಿ ನಿಂತ. ಮೂವತ್ತೆಂಟಕ್ಕೆ ಮತ್ತೆ ನಿವೃತ್ತಿ, ಮತ್ತೆ ಶಾಲು. ನಲವತ್ತಕ್ಕೆ ಇನ್ನೊಂದು. "ಇನ್ನೊಂದ್ಸಲ ಬಿಟ್ರೆ ಬಾಗ್ಲಿಗೆ ಪರದೆ ಆಯ್ತದೆ ಕಣಕ್ಕ" ಅಂತ ಅವನ ಹೆಂಡತಿ ನನ್ನ ಹತ್ತಿರ ಹೇಳುತ್ತಿದ್ದಳು. ಆಗ ನಗುತ್ತಲೇ ಹೇಳುತ್ತಿದ್ದಳು...

ಪಂದ್ಯಗಳು ತೂಕದ ಮೇಲೆ ನಡೆಯುತ್ತಿದ್ದವು. ನಮ್ಮೂರಿನದು ಅರವತ್ತು ಕೆಜಿಯ ತಂಡ. ಅದಕ್ಕಿಂತ ಒಂದು ತೊಲ ಹೆಚ್ಚಿದ್ದರೂ ಒಳಗೆ ಬಿಡುತ್ತಿರಲಿಲ್ಲ. ಹಾಗಾಗಿ ಪಂದ್ಯ ಹತ್ತಿರ ಬಂದಾಗಲೆಲ್ಲ ಅವನು ನಮ್ಮ ಗಿರಣಿಗೆ ಬಂದು ಮೂಟೆ ತೂಗುವ ಹಲಗೆ ಮೇಲೆ ನಿಲ್ಲುತ್ತಿದ್ದ. ನಾನು ಕಡ್ಡಿಯ ಮೇಲಿನ ಗುಂಡು ಸರಿಸಿ ಅಂಕಿ ಓದಿ ಹೇಳುತ್ತಿದ್ದೆ. ಅವನಿಗೆ ಹತ್ತಿರದ್ದು ಕಾಣುತ್ತಿರಲಿಲ್ಲ. ಕನ್ನಡಕ ಮಾಡಿಸಿಕೊ ಅಂದರೆ, ಆಟ ಆಡೋನಿಗೆ ಕನ್ನಡಕ ಯಾಕೆ ಅನ್ನುತ್ತಿದ್ದ. ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಆದರೆ ಅಂಕಿ ತಪ್ಪುವವಳಲ್ಲ. ಒಂದು ಹಿಡಿ ರಾಗಿ ಆಚೀಚೆ ಮಾಡಿದವಳಲ್ಲ ಅಂತ ಊರಿಗೇ ಗೊತ್ತಿತ್ತು.

ನಲವತ್ತೆರಡಕ್ಕೆ, ಮೂರನೇ ಶಾಲು ಇನ್ನೂ ಹೊಸದಾಗಿರುವಾಗಲೇ, ತರೀಕೆರೆ ಪಂದ್ಯಕ್ಕೆ ಆಡುತ್ತೇನೆ ಅಂತ ಹೊರಟ. ಮಾರನೆಯ ದಿನ ಅವನ ಹೆಂಡತಿ ರಾಗಿ ತಂದವಳು ಅದನ್ನು ಇಳಿಸದೆ ನಿಂತಿದ್ದಳು.

"ಆ ಮಂಡಿ ಇನ್ನೊಂದ್ಸಲ ತಿರುಚಿದ್ರೆ ಕೋಲು ಹಿಡ್ದೇ ಓಡಾಡ್ಬೇಕು ಅಂದವ್ರೆ ಶಿವಮೊಗ್ಗದ ಡಾಕ್ಟ್ರು. ನನ್ ಮಾತು ಕೇಳಲ್ಲ ಅವ್ರು. ನಿನ್ ತೂಕ ನಂಬ್ತಾರೆ. ಜಾಸ್ತಿ ಐತೆ ಅಂದ್ಬಿಡಕ್ಕ."

ನಾನು ಅವಳನ್ನು ಬೈದು ಕಳಿಸಿದೆ. ನನ್ನ ಕೈಯಲ್ಲಿ ಕಳ್ಳ ತೂಕ ಹೇಳಿಸುತ್ತೀಯಾ ಅಂದೆ. ಆದರೆ ಸಂಜೆ ಅವನು ಬಂದಾಗ ನೋಡಿದೆ... ಹಲಗೆ ಹತ್ತುವುದಕ್ಕೆ, ಒಂದು ಗೇಣು ಎತ್ತರ ಅದು, ಗೋಡೆ ಹಿಡಿದುಕೊಂಡ.

ಕಡ್ಡಿ ಅರವತ್ತಕ್ಕೆ ಸರಿಯಾಗಿ ನಿಂತಿತು.

"ಅರವತ್ತೆರಡು ಕಣೋ" ಅಂದೆ.

ಹೇಳಿದರೆ ಬಿಡುತ್ತಾನೆ ಅಂದುಕೊಂಡಿದ್ದೆ. ಅವನನ್ನು ಅಷ್ಟು ವರ್ಷ ನೋಡಿಯೂ ಹಾಗಂದುಕೊಂಡೆನಲ್ಲ, ದಡ್ಡಿ ನಾನು. ಎಂಟು ದಿನ ಐತೆ, ಇಳಿಸ್ತೀನಿ ಬಿಡಕ್ಕ ಅಂದು ಹೋದ. ಮಾರನೆಯ ದಿನದಿಂದ ಮುದ್ದೆ ಬಿಟ್ಟ. ಅನ್ನ ಬಿಟ್ಟ. ಸ್ವೆಟರ್ ಹಾಕಿಕೊಂಡು ನಡು ಮಧ್ಯಾಹ್ನ ಅಂತರಘಟ್ಟೆ ರಸ್ತೆಯಲ್ಲಿ ಓಡಿದ. ದಿನಾ ಬಂದು ಹಲಗೆ ಮೇಲೆ ನಿಲ್ಲುತ್ತಿದ್ದ. ಐವತ್ತೊಂಬತ್ತಾದ, ನಾನು ಅರವತ್ತೊಂದೂವರೆ ಅಂದೆ. ಐವತ್ತೆಂಟಾದ, ಅರವತ್ತೊಂದು ಅಂದೆ. ಕುತ್ತಿಗೆ ಮೂಳೆ ಎದ್ದು ಕಾಣುತ್ತಿತ್ತು. ನಿಜ ಹೇಳಿದರೆ ಆಡುತ್ತಾನೆ, ಹೇಳದಿದ್ದರೆ ಸಾಯುತ್ತಾನೆ ಅನ್ನುವ ಹಾಗಾಯಿತು ನನಗೆ. ಆದರೂ ಹೇಳಲಿಲ್ಲ. ಹಿಡಿದ ಸುಳ್ಳು ಬಿಡುವುದು ಆಟ ಬಿಟ್ಟಷ್ಟೇ ಕಷ್ಟ ಅಂತ ಆವಾಗ ಗೊತ್ತಾಯಿತು. ಕಡೆಯ ಎರಡು ದಿನ ನೀರೂ ಕುಡಿಯಲಿಲ್ಲವಂತೆ.

ತರೀಕೆರೆಯಲ್ಲಿ ಅವರ ತಕ್ಕಡಿ ಐವತ್ತಾರು ತೋರಿಸಿತು. ಮೈದಾನ ಕಂಡರೆ ನನ್ನ ಮೈ ತಾನೇ ಕರಗುತ್ತದೆ ಅಂತ ಹುಡುಗರೊಂದಿಗೆ ನಕ್ಕನಂತೆ. ನನ್ನ ಮೇಲೆ ಅನುಮಾನವೇ ಬರಲಿಲ್ಲ ಅವನಿಗೆ.

ಆ ಪಂದ್ಯ ನಾನು ನೋಡಲಿಲ್ಲ, ನೋಡಿದವರು ಹೇಳಿದರು. ಕಡೆಯ ರೈಡು ಅವನದೇ. ಇಬ್ಬರನ್ನು ಮುಟ್ಟಿ ತಿರುಗಿದ. ಗೆರೆ ಒಂದು ಮಾರು ದೂರ. ಯಾರೂ ಹಿಡಿದಿರಲಿಲ್ಲ. ಕಬಡ್ಡಿ ಅನ್ನುತ್ತಿದ್ದ ಉಸಿರು ನಡುವೆಯೇ ಕಡಿದು ಔಟಾದ. ಬಾಯಿ ಆಡುತ್ತಿತ್ತಂತೆ, ಮಾತು ಬರಲಿಲ್ಲವಂತೆ. ಮಂಡಿಗೆ ಏನೂ ಆಗಲಿಲ್ಲ.

ಮಾರನೆಯ ದಿನ ಗಿರಣಿಗೆ ಬಂದ. ಹಲಗೆ ಹತ್ತಲಿಲ್ಲ, ಮೂಟೆ ಮೇಲೆ ಕೂತ.

"ಕಾಲು ಕೈ ಕೊಡ್ಲಿಲ್ಲ ಅಕ್ಕ, ಉಸಿರು ಕೈ ಕೊಡ್ತು. ಉಸಿರೇ ಹೋದ್ಮೇಲೆ ಇನ್ನೇನೈತೆ. ಸಾಕು."

ಉಸಿರು ಹೋಗಿಲ್ಲ ಕಣೋ, ಹೊಟ್ಟೆಗಿಲ್ಲದೆ ಹಾಗಾಯಿತು, ನಾನು ಹೇಳಿದ್ದು ಸುಳ್ಳು ಅಂತ ನಾಲಿಗೆ ತುದಿಗೆ ಬಂದಿತ್ತು. "ಮೊದ್ಲು ಹೋಗಿ ಉಣ್ಣು" ಅಂದೆ. ಅಷ್ಟೇ ಹೇಳಿದ್ದು.

ಆ ಸಲ ಯಾರೂ ಶಾಲು ಹೊದಿಸಲಿಲ್ಲ. ನಿಜವಾದ ನಿವೃತ್ತಿ ಅದೇ. ಹೆಂಡತಿ ಹೋಳಿಗೆ ಮಾಡಿ ನಮ್ಮ ಮನೆಗೆ ಕೊಟ್ಟು ಹೋದಳು. ಅವನು ಶಾಪಿನ ಮುಂದೆ ಸ್ಟೂಲು ಹಾಕಿಕೊಂಡು ಕೂತ. ಪಂಚರ್ ಹಾಕುವಾಗ ಬಗ್ಗುತ್ತಿದ್ದ, ಮತ್ತೆ ಕೂರುತ್ತಿದ್ದ. ಹುಡುಗರು ಮೈದಾನಕ್ಕೆ ಕರೆದರೆ ಹೋಗುತ್ತಿರಲಿಲ್ಲ. ಹೊಟ್ಟೆ ಬಂತು, ಕೂದಲು ಹೋಯಿತು... ಎಷ್ಟೋ ವರ್ಷದ ಮೇಲೆ ಕನ್ನಡಕವೂ ಬಂತು. ಅದು ಬಂದ ವಾರ ನಮ್ಮಲ್ಲಿಗೆ ಬಂದು ಹಲಗೆ ಮೇಲೆ ನಿಂತು, ತಾನೇ ಗುಂಡು ಸರಿಸಿ, ತಾನೇ ಓದಿಕೊಂಡ. ಎಂಬತ್ತೊಂದು. ಆಮೇಲೆ ನನ್ನ ಕಡೆ ತಿರುಗಿದ.

"ಅಕ್ಕ, ಆವತ್ತು ಅರವತ್ತೆರಡು ಇತ್ತಾ?"

"ಇತ್ತು ಕಣೋ" ಅಂದೆ.

ತಲೆ ಆಡಿಸಿದ. ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು ರಸ್ತೆ ದಾಟಿದ. ನಂಬಿದನೋ, ನನ್ನ ಮರ್ಯಾದೆ ಉಳಿಸಿದನೋ, ಇವತ್ತಿಗೂ ತಿಳಿಯದು.

ಅವನು ಹೋಗಿ ಎರಡು ವರ್ಷವಾಯಿತು. ಎದೆನೋವು, ಆ ಸ್ಟೂಲಿನ ಮೇಲೆಯೇ. ಶಾಪಿನಲ್ಲಿ ಈಗ ಯಾರೋ ಮೊಬೈಲ್ ರಿಪೇರಿ ಮಾಡುತ್ತಾರೆ. ಗಿರಣಿಯನ್ನು ನನ್ನ ಮಗ ನೋಡಿಕೊಳ್ಳುತ್ತಾನೆ, ನಾನು ಸುಮ್ಮನೆ ಬಾಗಿಲಲ್ಲಿ ಕೂರುತ್ತೇನೆ. ಮೊನ್ನೆ ಭಾನುವಾರ ಅವನ ಹೆಂಡತಿ ರಾಗಿ ತಂದಿದ್ದಳು. ಪಕ್ಕದಲ್ಲಿ ಕೂತವಳು, ಇಷ್ಟು ವರ್ಷ ಎತ್ತದ ಮಾತು ಎತ್ತಿದಳು. ನಾವು ಮಾಡಿದ್ದು ಸರಿಯಾ ಅಂತ ಕೇಳಿದಳು.

"ಕಾಲು ಉಳೀತಲ್ಲೇ" ಅಂದೆ.

"ಉಳೀತು" ಅಂದಳು. "ಉಳಿದ ಕಾಲು ಆಮೇಲೆ ಎಲ್ಲಿಗೂ ಹೋಗ್ಲಿಲ್ಲ ಕಣಕ್ಕ."

  ಅವಳ ರಾಗಿ ಬೀಸಿ ಮುಗಿಯುವವರೆಗೂ ಇಬ್ಬರೂ ರಸ್ತೆ ನೋಡಿಕೊಂಡು ಕೂತಿದ್ದೆವು.