ಏಡಿಯ ನಡುವೆ

ಗೊಬ್ಬೂರ ದಾಟಿದ ಮೇಲೆ ಐದು ರಸ್ತೆ ಕೂಡುವ ಒಂದು ಜಾಗವಿತ್ತು. ರಸ್ತೆ ಅಗಲ ಮಾಡಿದವರು ಹಳೆಯ ತಿರುವುಗಳನ್ನು ಮುಚ್ಚದೆ ಹೊಸ ತಿರುವು ಹಾಕಿ, ಅಲ್ಲಲ್ಲಿ ಮಣ್ಣಿನ ದಿಬ್ಬ ಬಿಟ್ಟು ಹೋಗಿದ್ದರು. ಲಾರಿಯವರು ಅದನ್ನು ಜಲೇಬಿ ಅನ್ನುತ್ತಿದ್ದರು. ನಮ್ಮ ಜನಕ್ಕೆ ಅದು ಏಡಿ. ಒಂದೊಂದು ರಸ್ತೆಯೂ ಅದರ ಒಂದೊಂದು ಕಾಲು: ಆಳಂದ ಕಾಲು, ಅಫಜಲಪುರ ಕಾಲು, ಜೇವರ್ಗಿ ಕಾಲು. ಒಂದೊಂದಕ್ಕೂ ಬೇರೆ ಬಸ್ಸು, ಬೇರೆ ಚಹಾದಂಗಡಿ. ಒಂದು ಕಾಲಿನಲ್ಲಿ ನಿಂತವರಿಗೆ ನಡುವಿನ ಬಯಲಷ್ಟೇ ಕಾಣುತ್ತಿತ್ತು, ಉಳಿದ ಕಾಲುಗಳು ದಿಬ್ಬದ ಮರೆಗೆ. ಹೆಸರಿಟ್ಟವನ ಬುದ್ಧಿ ಮೆಚ್ಚಬೇಕು. ನನಗಂತೂ ಆ ಹೆಸರು ಕೇಳಿದರೆ ಇವತ್ತಿಗೂ ಎದೆ ಧಸಕ್ಕೆನ್ನುತ್ತದೆ.

ಎಂಬತ್ತರ ದಶಕದ ಮಾತು. ಕೊಳಕೂರಿನ ಶಾಲೆಯಲ್ಲಿ ಟೀಚರಾಗಿದ್ದ ನನ್ನನ್ನು ತರಬೇತಿಗೆಂದು ಆಳಂದಕ್ಕೆ ಕರೆಸಿದ್ದರು. ಇನ್ನೂ ಹಾಲು ಕುಡಿಯುವ ಮಗಳನ್ನು ಅತನೂರಿನಲ್ಲಿ ಅವ್ವನ ಹತ್ತಿರ ಬಿಟ್ಟಿದ್ದೆ. ತರಬೇತಿ ಮುಗಿದ ದಿನ ಅವ್ವ ಕೂಸನ್ನು ಕರೆದುಕೊಂಡು ಏಡಿಯ ಜೇವರ್ಗಿ ಕಾಲಿಗೆ ಬರುವುದು, ನಾನು ಅಲ್ಲಿಂದಲೇ ಬಸ್ಸು ಹಿಡಿದು ಕೊಳಕೂರಿಗೆ ಹೋಗುವುದು ಎಂದು ಮಾತಾಗಿತ್ತು. ಹಿಂದಿನ ದಿನ ಕಂಡಕ್ಟರ್ ಒಬ್ಬನ ಕೈಯಲ್ಲಿ ಅವ್ವ ಸುದ್ದಿ ಕಳಿಸಿದ್ದಳು: ಕೂಸಿನ ಮೈ ಬೆಚ್ಚಗಿದೆ, ಆದರೂ ಬರುತ್ತೇನೆ. ಎಷ್ಟು ಬೆಚ್ಚಗೆ ಎಂದು ಆ ಪುಣ್ಯಾತ್ಮನನ್ನು ಕೇಳಿದರೆ, ಅಷ್ಟೇ ಹೇಳಿದ್ದು ಅಂದ.

ಜೇವರ್ಗಿ ಕಾಲಿನಲ್ಲಿ ನಿಂತೇ ನಿಂತೆ. ಬಿಸಿಲೇರಿತು. ಹಾಲು ಕಟ್ಟಿ ಎದೆ ಕಲ್ಲಾಗಿತ್ತು, ಕುಪ್ಪಸ ಒದ್ದೆಯಾಗಿ ಸೆರಗು ಹೊದ್ದುಕೊಂಡಿದ್ದೆ. ಕೊನೆಗೆ ಅಫಜಲಪುರ ಕಾಲಿನಿಂದ ಅತನೂರಿನ ಬಸ್ಸು ಬಂದು ನಡುವಿನ ಬಯಲಲ್ಲಿ ನಿಂತಿತು. ಅವ್ವ ಇಳಿಯಲಿಲ್ಲ. ಓಡಿ ಹೋಗಿ ಕೇಳಿದೆ.

“ಕೂಸಿನ ಕರ್ಕೊಂಡ್ ಬಂದ ಆಯಿ ಅಲ್ರಿ? ತಿರುವಿನ್ಯಾಗ ಬಸ್ಸು ಸಾವಕಾಶ ಆದ ಕೂಡ್ಲೆ ಇಳದ್ಲರಿ ಅಕ್ಕೋರೆ. ಇಲ್ಲೇ ಇರ್ಬೇಕು ನೋಡ್ರಿ,” ಎಂದ ಕಂಡಕ್ಟರ್.

ತಿರುವಿಗೆ ಓಡಿದೆ. ಯಾರೂ ಇರಲಿಲ್ಲ. ಅಫಜಲಪುರ ಕಾಲಿನ ಚಹಾದಂಗಡಿಯವನನ್ನು ಕೇಳಿದರೆ, “ಯಾವ ಕಾಲಿಗೆ ಬಾ ಅಂದಿದ್ರಿ?” ಎಂದು ನನ್ನನ್ನೇ ಕೇಳಿದ. ಆಳಂದ ಕಾಲಿಗೆ ಓಡಿದೆ, ಮತ್ತೆ ನಡುವಿಗೆ ಬಂದೆ. ಕೂಸಿಗೆ ಜ್ವರ ನೆತ್ತಿಗೇರಿ ಅವ್ವ ಯಾವುದೋ ಲಾರಿ ಹತ್ತಿ ಗುಲಬರ್ಗಾ ದವಾಖಾನೆಗೆ ಹೋದಳೇ? ಹೊಲದ ಬಾವಿಗೆ ನೀರಿಗೆಂದು ಇಳಿದಳೇ? ಬೇಡದ್ದೆಲ್ಲ ತಲೆಗೆ ಬಂತು.

ಅಂದು ಅಮಾವಾಸ್ಯೆಯ ಮರುದಿನ. ದೃಷ್ಟಿ ನಿವಾಳಿಸಿದ್ದನ್ನು ದಾರಿ ಕೂಡುವಲ್ಲಿ ಒಗೆಯುವುದು ನಮ್ಮಲ್ಲಿ ರೂಢಿ. ಮೂರು ದಾರಿ ಕೂಡಿದರೆ ಸಾಕು. ಇಲ್ಲಿ ಐದಿರುವಾಗ ಕೇಳಬೇಕೆ, ಸುತ್ತಲಿನ ಊರುಗಳ ಪೀಡೆಯೆಲ್ಲ ಏಡಿಯ ಪಾಲು. ಬಯಲ ತುಂಬ ಲಿಂಬೆಹಣ್ಣು, ಮೆಣಸಿನಕಾಯಿ, ಕುಂಕುಮ ಕಲಸಿದ ಅನ್ನ. ನಾನು ಅದನ್ನೆಲ್ಲ ತುಳಿದುಕೊಂಡೇ ಅತ್ತಿತ್ತ ಓಡುತ್ತಿದ್ದೆ. ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆ. ಇಂಥದ್ದಕ್ಕೆ ಹೆದರಬಾರದೆಂದು ಅಪ್ಪ ಹೇಳಿದಾಗಲೆಲ್ಲ ಅವ್ವ ಹೂಂ ಅನ್ನುತ್ತಿದ್ದಳು.

ದಿಕ್ಕು ತೋಚದೆ ಜೇವರ್ಗಿ ಕಾಲಿಗೆ ಮರಳಿದೆ. ಹಿಂದಿನ ತೊಗರಿ ಹೊಲದಲ್ಲಿ ಗಿಡ ಸರಿದ ಸದ್ದಾಯಿತು. ಅವ್ವ ಬರುತ್ತಿದ್ದಳು. ಸೀರೆ ತುಂಬ ಮುಳ್ಳು, ಹಿಮ್ಮಡಿಯಲ್ಲಿ ರಕ್ತ. ಸೆರಗಿನೊಳಗೆ ಕೂಸು ನಿದ್ದೆ ಹೋಗಿತ್ತು. ಕಿತ್ತುಕೊಂಡಂತೆ ಎತ್ತಿಕೊಂಡು ಹಣೆ ಮುಟ್ಟಿದೆ. ತಣ್ಣಗಿತ್ತು.

“ಎಲ್ಲಿ ಹಾಳಾಗಿ ಹೋಗಿದ್ದಿಬೇ? ನನ್ನ ಜೀವಾನೇ ಹೋಗಿತ್ತು,” ಎಂದೆ. ಅಳು ಬಂದಿತ್ತು.

“ನಸಕಿನ್ಯಾಗ ಜ್ವರ ಇಳದಾವ,” ಎಂದಳು ಅವ್ವ, ಮುಳ್ಳು ಕೀಳುತ್ತ. “ಬಯಲಾಗ ಎಷ್ಟು ಚೆಲ್ಯಾರ ನೋಡಿದಿ ಇಲ್ಲ? ಈಗಷ್ಟೇ ಜ್ವರ ಬಿಟ್ಟ ಕೂಸಿನ ಅದರ ಮ್ಯಾಲೆ ದಾಟಿಸ್ಲೇನು? ಅದಕ್ಕ ಹೊಲದಾಗ ಸುತ್ತಿ ಬಂದೆ.”

“ಅಪ್ಪನ ಮುಂದ ಹೂಂ ಅಂತಿ, ಇಲ್ಲಿ ಲಿಂಬಿಹಣ್ಣಿಗೆ ಹೆದರ್ತಿ. ಬುದ್ಧಿ ಅದನೇನು ನಿನಗ?”

ಅವ್ವ ಬಗ್ಗಿ ಇನ್ನೊಂದು ಮುಳ್ಳು ಕಿತ್ತಳು. ಜೇವರ್ಗಿ ಬಸ್ಸು ಬಂತು. ಸಿಟ್ಟಿನಲ್ಲಿ ಹೋಗಿ ಬರ್ತೇನಿ ಎಂದೂ ಹೇಳದೆ ಹತ್ತಿದೆ. ಕಿಟಕಿಯ ಪಕ್ಕ ಕೂತು ಕೂಸಿಗೆ ಹಾಲು ಕೊಟ್ಟೆ. ಅದು ಕಣ್ಣು ಮುಚ್ಚಿಕೊಂಡೇ ಕುಡಿಯತೊಡಗಿತು. ಆಗ ಹೊರಗೆ ನೋಡಿದೆ.

ಅವ್ವ ತನ್ನ ಬಸ್ಸು ಹಿಡಿಯಲು ಅಫಜಲಪುರ ಕಾಲಿನ ಕಡೆಗೆ ಹೊರಟಿದ್ದಳು, ನಡುವಿನ ಬಯಲಲ್ಲೇ. ಒಂದು ಲಿಂಬೆಹಣ್ಣು ಅವಳ ಕಾಲಡಿ ಸಿಕ್ಕು ಅಪ್ಪಚ್ಚಿಯಾಯಿತು. ಅವಳು ಕೆಳಗೆ ನೋಡಲೂ ಇಲ್ಲ. ಈಗ ಅವಳ ಕೈಯಲ್ಲಿ ಕೂಸು ಇರಲಿಲ್ಲ.