ಚುಕ್ಕಿ ಎಣಿಸಿದವರಿಗೆ ವೈಫೈ

ಚಂದಾಪುರದ ಆ ಪಿಜಿಯ ಗೇಟಿನ ಮುಂದೆ ಏಳೆಂಟು ಹುಡುಗಿಯರು ಕುಕ್ಕರಗಾಲಲ್ಲಿ ಕೂತು ರಂಗೋಲಿಯನ್ನೇ ದಿಟ್ಟಿಸುತ್ತಿದ್ದರು. ಯಾರದೋ ಓಲೆ ಬಿದ್ದಿರಬೇಕು ಅಂದುಕೊಂಡು ನಾನೂ ಬಗ್ಗಿ ಹುಡುಕತೊಡಗಿದೆ.

"ಅಕ್ಕಾ, ಚುಕ್ಕಿ ತುಳೀಬೇಡಿ, ಎಣಿಸ್ತಾ ಇದೀವಿ!" ಎಂದು ಒಬ್ಬಳು ರೇಗಿದಳು.

ವಿದ್ಯಾರ್ಥಿಗಳ ಪಾಸ್‌ವರ್ಡ್ ಅಭ್ಯಾಸಗಳ ಬಗ್ಗೆ ಎಂ.ಟೆಕ್ ಸಮೀಕ್ಷೆಗೆ ಹೋದವಳು ನಾನು. ಪಿಜಿಯ ಮಾಲೀಕರಾದ ಗೌರಮ್ಮ ವೈಫೈ ಪಾಸ್‌ವರ್ಡನ್ನು ದಿನಾ ಬದಲಿಸುತ್ತಾರಂತೆ. ಅವತ್ತಿನ ರಂಗೋಲಿಯಲ್ಲಿ ಎಷ್ಟು ಚುಕ್ಕಿಯೋ ಅದೇ ಅದರ ಕೊನೆಯಲ್ಲಿ ಬರುವ ಸಂಖ್ಯೆ. ನನ್ನ ಪ್ರಶ್ನಾವಳಿಯಲ್ಲಿ ಇದಕ್ಕೊಂದು ಕಾಲಂ ಇರಲಿಲ್ಲ!

ಅಷ್ಟರಲ್ಲಿ ನೀರಿನ ಟ್ಯಾಂಕರ್ ಬಂದು ಸೀದಾ ರಂಗೋಲಿಯ ಮೇಲೇ ನಿಂತಿತು. ಇನ್ನು ಹತ್ತೇ ನಿಮಿಷಕ್ಕೆ ಆನ್‌ಲೈನ್ ಪರೀಕ್ಷೆ ಇದ್ದವಳು ತಲೆ ಮೇಲೆ ಕೈಹೊತ್ತಳು. ನಲವತ್ತೊಂಬತ್ತು ಅಂತ ಒಬ್ಬಳು, ಅರವತ್ನಾಲ್ಕು ಕಣೇ ಅಂತ ಇನ್ನೊಬ್ಬಳು, ಬೀದಿ ತುಂಬ ಗಲಾಟೆ.

"ಇದೆಲ್ಲ ಯಾಕಮ್ಮಾ?" ಅಂದೆ. ಬಾಗಿಲಲ್ಲಿ ನಿಂತಿದ್ದ ಗೌರಮ್ಮ ಹೆಮ್ಮೆಯಿಂದ ಹೇಳಿದರು: "ಮದ್ಲು ಒಬ್ರ ಮಕ ಒಬ್ರು ನೋಡ್ತಿರ್ನಿಲ್ಲ ಕಣವ್ವ. ಈಗ ನೋಡು, ಎಂಗೆ ಜಗಳ ಆಡ್ತಾವೆ!"

ನಾನಿರುವ ಪಿಜಿಯಲ್ಲಿ ಎರಡು ವರ್ಷದಿಂದ ಒಂದೇ ಪಾಸ್‌ವರ್ಡ್. ಬಾಗಿಲು ಹಾಕಿಕೊಂಡರೆ ಫೋನು ತಾನಾಗಿ ಕನೆಕ್ಟ್ ಆಗುತ್ತದೆ. ಪಕ್ಕದ ರೂಮಿನವಳ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ.