ಊರಬಾವಿಯ ನೀರುಗಂಟಿ

ದೊಡ್ಡಬೀರಯ್ಯ ಬೆಳ್ಳೂರು ಪಕ್ಕದ ನಮ್ಮೂರಿಗೆ ಮೂವತ್ತು ವರ್ಷದಿಂದ ನೀರುಗಂಟಿ. ನೀರಲ್ಲಿ ಹುಳ ಕಂಡರೆ ತನ್ನ ಮಾನವೇ ಹೋದಂತೆ ಒದ್ದಾಡುವ ಮನುಷ್ಯ.

ಹೆದ್ದಾರಿ ಬದಿಯ ಬಂಕಿನ ಟ್ಯಾಂಕು ಸೋರಿ ಊರಬಾವಿಗೆ ಡೀಸೆಲ್ ಸೇರಿತು. ನೀರಿನ ಪರೀಕ್ಷೆಗೆ ಬಂದ ಸರ್ಕಾರಿ ಮೇಡಂ ಸಮಾಧಾನ ಹೇಳಿದರು: “ನೀರಲ್ಲೇ ಕಣ್ಣಿಗೆ ಕಾಣದ ಹುಳಗಳಿವೆ, ಅವೇ ಡೀಸೆಲ್ ತಿಂದು ಮುಗಿಸುತ್ತವೆ. ಬಾವಿಯನ್ನು ಹಾಗೇ ಬಿಡಿ.”

ನಾಲ್ಕು ವರ್ಷ ಊರಿಗೆ ಊರೇ ಟ್ಯಾಂಕರ್ ಮುಂದೆ ಕೊಡ ಹಿಡಿದು ನಿಂತಿತು. ಮೊನ್ನೆ ಮೇಡಂ ಮತ್ತೆ ಬಂದು ನೀರು ಪರೀಕ್ಷಿಸಿದರು. ಡೀಸೆಲ್ ಚೂರೂ ಕಡಿಮೆಯಾಗಿರಲಿಲ್ಲ. “ಬಾವಿಗೆ ಏನಾದರೂ ಹಾಕಿದಿರಾ?” ಎಂದು ಕೇಳಿದರು.

ದೊಡ್ಡಬೀರಯ್ಯ ಹೆಗಲ ಟವಲ್ಲು ಸರಿಮಾಡಿಕೊಂಡು ಮುಂದೆ ಬಂದ. “ಹುಳ ಅವೆ ಅಂದಿದ್ರಲ್ಲವ್ವಾ, ಅವತ್ತಿಂದ ಒಂದ್ ವಾರನೂ ತಪ್ಸಿಲ್ಲ, ಬ್ಲೀಚಿಂಗ್ ಪೌಡ್ರು ಸುರೀತಾವ್ನಿ. ಒಂದ್ ಹುಳನೂ ಉಳ್ದಿರಾಕಿಲ್ಲ ಬುಡಿ.”